ದೇಶ ಸೋತಿತು, ಟ್ಯಾಂಕ್ ಪಡೆ ಉಳಿಯಿತು

ಪ್ರಶ್ನೆ: 1939ರಲ್ಲೇ ಜರ್ಮನಿ, ರಷ್ಯಾ ಸೇರಿ ಪೋಲೆಂಡನ್ನು ನುಂಗಿಹಾಕಿದವು. ಹಾಗಿದ್ದರೆ 1944ರಲ್ಲಿ ಫ್ರಾನ್ಸಿನಲ್ಲಿ ಪೋಲಿಷ್ ಟ್ಯಾಂಕ್ ಡಿವಿಷನ್ ಎಲ್ಲಿಂದ ಬಂತು? ಈಟಿ ಹಿಡಿದು, ಕುದುರೆ ಮೇಲೆ ಟ್ಯಾಂಕಿಗೇ ನುಗ್ಗಿದವರಲ್ಲವೇ ಅವರು?
– ಓದುಗರು, ಧಾರವಾಡ

ಉತ್ತರ: ಆ ಈಟಿಯ ಕಥೆಯನ್ನು ಮೊದಲು ಬದಿಗಿಡಿ. ಪೋಲೆಂಡಿನ ಕ್ರೊಯಾಂಟಿ ಹಳ್ಳಿಯಲ್ಲಿ ಪೋಲಿಷ್ ಸವಾರರು ನುಗ್ಗಿದ್ದು ಜರ್ಮನ್ ಕಾಲಾಳುಗಳ ಮೇಲೆ. ಆಮೇಲೆ ಬಂದ ಕವಚದ ಗಾಡಿಗಳ ಗುಂಡಿಗೆ ಸಿಕ್ಕರು. ಸತ್ತ ಕುದುರೆಗಳನ್ನು ಮರುದಿನ ಪತ್ರಕರ್ತರಿಗೆ ತೋರಿಸಿದ್ದರಿಂದ ಕಥೆ ಹುಟ್ಟಿತು. ನಾನು ಟ್ಯಾಂಕ್ ರೆಜಿಮೆಂಟಿನಲ್ಲಿ ಗನ್ನರ್ ಆಗಿದ್ದಾಗಲೂ ಮೆಸ್ಸಿನಲ್ಲಿ ಇದನ್ನೇ ಹೇಳಿ ನಗುವವರಿದ್ದರು.

ಅದೇ ಯುದ್ಧದಲ್ಲಿ ಕರ್ನಲ್ ಸ್ತಾನಿಸ್ಲಾವ್ ಮಾಚೆಕ್ ಕೈಯಲ್ಲಿ ಒಂದು ಮೋಟಾರು ಬ್ರಿಗೇಡ್ ಇತ್ತು. ಕಪ್ಪು ಚರ್ಮದ ಕೋಟು ತೊಡುತ್ತಿದ್ದರಿಂದ ಅದಕ್ಕೆ 'ಕಪ್ಪು ಬ್ರಿಗೇಡ್' ಎಂದೇ ಹೆಸರಾಯಿತು. ಸೆಪ್ಟೆಂಬರ್ 19ರಂದು ಮೇಲಿನ ಅಪ್ಪಣೆಯಂತೆ ಗಡಿ ದಾಟಿ ಹಂಗೆರಿ ಸೇರಿತು. ಅಲ್ಲಿನ ಶಿಬಿರಗಳಿಂದ ಸೈನಿಕರು ಒಬ್ಬೊಬ್ಬರೇ ನುಣುಚಿಕೊಂಡು ಫ್ರಾನ್ಸಿಗೆ ಹೋದರು. 1940ರ ಜೂನ್‌ನಲ್ಲಿ ಮೊಂಬಾರ್ ಊರಿನ ಕಾಳಗದ ನಂತರ ಪೆಟ್ರೋಲ್ ಮುಗಿಯಿತು. ಉಳಿದ ಟ್ಯಾಂಕುಗಳನ್ನು ತಾವೇ ಹಾಳುಗೆಡವಿ ನಡೆದುಕೊಂಡು ಹೊರಟರು. ಟ್ಯಾಂಕಿನವನಿಗೆ ಇದಕ್ಕಿಂತ ದೊಡ್ಡ ಸಂಕಟ ಇಲ್ಲ ಬಿಡಿ. ಮಾಚೆಕ್ ಉತ್ತರ ಆಫ್ರಿಕಾ, ಪೋರ್ಚುಗಲ್ ಸುತ್ತಿ ಬ್ರಿಟನ್ ಮುಟ್ಟಿದರು. 1942ರ ಫೆಬ್ರವರಿಯಲ್ಲಿ ಸ್ಕಾಟ್ಲೆಂಡಿನಲ್ಲಿ ಅವರ ನೇತೃತ್ವದಲ್ಲೇ 1ನೇ ಪೋಲಿಷ್ ಆರ್ಮರ್ಡ್ ಡಿವಿಷನ್ ಹುಟ್ಟಿತು. ಸುಮಾರು 16,000 ಜನ, 380 ಟ್ಯಾಂಕು.

ಸತ್ತವರ ಜಾಗಕ್ಕೆ ಹೊಸಬರು ಎಲ್ಲಿಂದ ಸಿಗಬೇಕು? ಸ್ವಂತ ಊರೇ ಶತ್ರುವಿನ ಕೈಯಲ್ಲಿತ್ತಲ್ಲ. ಜರ್ಮನರು ಸೈಲೀಷಿಯಾ, ಪೊಮೆರೇನಿಯಾದ ಪೋಲಿಷ್ ಹುಡುಗರನ್ನು ಬಲವಂತವಾಗಿ ತಮ್ಮ ಸೇನೆಗೆ ಎಳೆದುಕೊಂಡಿದ್ದರು. ಇವರು ಸೆರೆ ಸಿಕ್ಕ ಕೂಡಲೇ ಸಮವಸ್ತ್ರ ಬದಲಿಸಿ ಮಾಚೆಕ್ ಕಡೆ ಸೇರುತ್ತಿದ್ದರು!

ಪ್ರಶ್ನೆ: 'ಹಿಲ್ 262' ಕಾಳಗದಲ್ಲಿ ನಿಜಕ್ಕೂ ಏನಾಯಿತು?
– ಓದುಗರು, ಹಾಸನ

ಉತ್ತರ: 1944ರ ಆಗಸ್ಟ್‌ನಲ್ಲಿ ನಾರ್ಮಂಡಿಯ ಫಲೇಸ್ ಹತ್ತಿರ ದೊಡ್ಡ ಜರ್ಮನ್ ಸೇನೆ ಸುತ್ತುವರಿಯಲ್ಪಟ್ಟಿತ್ತು. ಹೊರಬೀಳಲು ಉಳಿದಿದ್ದ ಕಿಂಡಿಯ ತಲೆಯ ಮೇಲೆಯೇ ಈ ಗುಡ್ಡ. ನಕಾಶೆಯಲ್ಲಿ ಗದೆಯಂತೆ ಕಂಡಿತೆಂದು ಮಾಚೆಕ್ 'ಮಾಚುಗಾ', ಅಂದರೆ ಗದೆ, ಎಂದು ಹೆಸರಿಟ್ಟರು. 19ರಂದು ಅವರ ಡಿವಿಷನ್ನಿನ ಸುಮಾರು 80 ಟ್ಯಾಂಕು, 1,500 ಸೈನಿಕರು ಮೇಲೇರಿದರು. ಕೆಳಗಿನ ರಸ್ತೆಯಲ್ಲಿ ಜರ್ಮನ್ ಗಾಡಿಗಳು ಒಂದಕ್ಕೊಂದು ಒತ್ತಿಕೊಂಡು ಹೋಗುತ್ತಿದ್ದವು. ಸಿಕ್ಕಿದ್ದೇ ಸಾಕೆಂದು ಹೊಡೆದರು.

ಮರುದಿನ ಲೆಕ್ಕ ತಿರುಗಿತು. ಒಳಗಿನಿಂದ ತಪ್ಪಿಸಿಕೊಳ್ಳುವವರು ಒಂದು ಕಡೆ, ಹೊರಗಿನಿಂದ ಅವರನ್ನು ಬಿಡಿಸಲು ಬಂದ, ನಾಜಿ ಪಕ್ಷದ ಎಸ್‌ಎಸ್ ಟ್ಯಾಂಕ್ ಪಡೆ ಇನ್ನೊಂದು ಕಡೆ. ಪೋಲಿಷರು ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಾದರು. ಎದುರಿನ ದಿಬ್ಬದಿಂದ ಜರ್ಮನರ ಒಂದೇ ಪ್ಯಾಂಥರ್ ಟ್ಯಾಂಕು ನಿಮಿಷಗಳಲ್ಲಿ ಪೋಲಿಷರ ಐದು ಶೆರ್ಮನ್ ಟ್ಯಾಂಕುಗಳನ್ನು ಸುಟ್ಟಿತು. ಇದರಲ್ಲಿ ನನಗೆ ಅಚ್ಚರಿಯೇನಿಲ್ಲ. ಶೆರ್ಮನ್‌ನ ಸಾಮಾನ್ಯ ತೋಪಿಗೆ ದೂರದಿಂದ ಪ್ಯಾಂಥರಿನ ಮುಂಭಾಗ ಒಡೆಯುವುದಿಲ್ಲ. ಪ್ಯಾಂಥರಿನ ಗುಂಡಿಗೆ ಶೆರ್ಮನ್ ಅಷ್ಟು ದೂರದಲ್ಲಿದ್ದರೂ ಸಿಕ್ಕಿತೆಂದೇ ಅರ್ಥ. ಗುಡ್ಡ ಉಳಿದದ್ದು ಶೌರ್ಯದಿಂದ ಎನ್ನುತ್ತಾರೆ. ನಾನಾದರೆ ಅರ್ಧ ಪಾಲು ವೈರ್‌ಲೆಸ್ಸಿಗೆ ಕೊಡುತ್ತೇನೆ. ಅವರ ಜೊತೆ ಕೆನಡಾದ ತೋಪುಪಡೆಯ ಅಧಿಕಾರಿ ಪಿಯರ್ ಸೆವಿನ್ಯಿ ಇದ್ದರು. ಗುಡ್ಡದ ಮೇಲೆ ಮದ್ದುಗುಂಡು ತಳ ಕಂಡರೂ, ಅವರು ರೇಡಿಯೋದಲ್ಲಿ ಜಾಗ ಹೇಳಿದಂತೆಲ್ಲ ಹಿಂದಿನಿಂದ ತೋಪುಗಳು ಗುಂಡಿನ ಮಳೆ ಸುರಿಸಿದವು. 21ರಂದು ಕೆನಡಾದ ಟ್ಯಾಂಕುಗಳು ಬಂದು ಮುಟ್ಟಿದವು. ಅಷ್ಟರಲ್ಲಿ ಸತ್ತವರು, ಗಾಯಗೊಂಡವರು ಸೇರಿ ಸುಮಾರು 350.

ಪ್ರಶ್ನೆ: ಮಾಚೆಕ್ ಬಾರಿನಲ್ಲಿ ಕೆಲಸ ಮಾಡಿದ್ದು ನಿಜವೇ?
– ಓದುಗರು, ಶಿವಮೊಗ್ಗ

ಉತ್ತರ: ನಿಜ. ಎಡಿನ್‌ಬರೋದ ಒಂದು ಹೋಟೆಲಿನಲ್ಲಿ. 1946ರ ಸೆಪ್ಟೆಂಬರ್‌ನಲ್ಲಿ ವಾರ್ಸಾದ ಕಮ್ಯುನಿಸ್ಟ್ ಸರ್ಕಾರ ಅವರ ಪೌರತ್ವ ಕಿತ್ತುಕೊಂಡಿತು. ಬ್ರಿಟನ್ ಸೇನಾ ಪಿಂಚಣಿ ಕೊಡಲಿಲ್ಲ. ಅವರು ಹುಟ್ಟಿದ ಲ್ವೂಫ್ (ಇಂದಿನ ಉಕ್ರೇನಿನ ಲ್ವಿವ್) ಸೀಮೆ ಅಷ್ಟರಲ್ಲಿ ಸೋವಿಯತ್ ಪಾಲಾಗಿತ್ತು. ಯುದ್ಧದುದ್ದಕ್ಕೂ ಮಿತ್ರರ ಪಕ್ಕ ನಿಂತು, 1945ರ ಮೇ ತಿಂಗಳಲ್ಲಿ ಜರ್ಮನಿಯ ವಿಲ್‌ಹೆಲ್ಮ್ಸ್‌ಹಾಫನ್ ನೌಕಾನೆಲೆಯ ಶರಣಾಗತಿ ಪಡೆದ ದಂಡನಾಯಕನಿಗೆ ಕೊಟ್ಟ ಮರ್ಯಾದೆ ಇದು. ನನಗಂತೂ ಓದುವಾಗ ಸಿಟ್ಟೇ ಬರುತ್ತದೆ. ನೆನಪಿಟ್ಟುಕೊಂಡವರು ಡಚ್ಚರು. 1944ರ ಅಕ್ಟೋಬರ್ 29ರಂದು ಬ್ರೆಡಾ ಪಟ್ಟಣವನ್ನು ಹಾಳುಗೆಡವದೆ ಬಿಡಿಸಿಕೊಟ್ಟಿದ್ದಕ್ಕೆ ಅಂಗಡಿಗಳ ಕಿಟಕಿಯಲ್ಲಿ ಪೋಲಿಷ್ ಭಾಷೆಯಲ್ಲೇ ಧನ್ಯವಾದ ಬರೆದು ಅಂಟಿಸಿದ್ದರು. ಅಲ್ಲಿನವರು ಮಾಚೆಕ್‌ರಿಗೆ ಗೌರವ ಪೌರತ್ವ ಕೊಟ್ಟರು. ಪೋಲೆಂಡ್ ಪೌರತ್ವ ಹಿಂತಿರುಗಿಸಿದ್ದು 1971ರಲ್ಲಿ. 1994ರಲ್ಲಿ, 102ನೇ ವಯಸ್ಸಿನಲ್ಲಿ ತೀರಿಕೊಂಡರು.

ಪ್ರಶ್ನೆ: ಕೊಲ್ಹಾಪುರದ ಹತ್ತಿರ ವಳಿವಡೆಯಲ್ಲಿದ್ದ ಪೋಲಿಷ್ ನಿರಾಶ್ರಿತರು ಇದೇ ಸೈನಿಕರ ಮನೆಯವರೇ? ನಮ್ಮ ಅಜ್ಜಿ ಅವರನ್ನು ನೋಡಿದ್ದರಂತೆ.
– ಓದುಗರು, ನಿಪ್ಪಾಣಿ

ಉತ್ತರ: ಹೆಚ್ಚಿನವರು ಬೇರೆ ದಾರಿಯಿಂದ ಬಂದವರು. ರಷ್ಯನ್ನರು ಸೈಬೀರಿಯಾ, ಕಜಾಕಸ್ತಾನಗಳಿಗೆ ಸಾಗಿಸಿದ್ದ ಕುಟುಂಬಗಳವು. ಗಂಡಸರು ರಷ್ಯಾದಲ್ಲೇ ಕಟ್ಟಿದ, ಪೋಲಿಷ್ ಜನರಲ್ ಆಂಡರ್ಸ್ ಅವರ ಸೇನೆ ಸೇರಿದರು. 1942ರಲ್ಲಿ ಆ ಸೇನೆಯ ಜೊತೆ ಕುಟುಂಬಗಳೂ ಇರಾನ್ ಮೂಲಕ ಹೊರಬಂದವು. ಹೆಂಗಸರು, ಮಕ್ಕಳಲ್ಲಿ ಸುಮಾರು ಐದು ಸಾವಿರ ಜನ ವಳಿವಡೆಗೆ ಬಂದರು. ಆಂಡರ್ಸ್ ಸೇನೆಗೂ ಟ್ಯಾಂಕ್ ಬ್ರಿಗೇಡ್ ಇತ್ತು, ಅದು ಹೋರಾಡಿದ್ದು ಇಟಲಿಯ ಮೊಂಟೆ ಕಸೀನೊದಲ್ಲಿ. ನಿಮ್ಮ ಅಜ್ಜಿ ಕಂಡ ಹೆಂಗಸರಲ್ಲಿ ಹಲವರು ಅಲ್ಲಿಂದ ಬರುವ ಕಾಗದಕ್ಕೆ ಕಾದಿದ್ದಿರಬೇಕು. ಅಜ್ಜಿ ಹೇಳಿದ್ದೆಲ್ಲ ಬರೆದಿಡಿ.