ಬಟ್ಟೆ ಅಂಗಡಿಯಿಂದ ಯೂನಿವರ್ಸಲ್‌ವರೆಗೆ

ಹಾಲಿವುಡ್‌ನ ಚಿತ್ರ ಕಂಪನಿ ಯೂನಿವರ್ಸಲ್ ಕಟ್ಟಿದ ಕಾರ್ಲ್ ಲೆಮ್ಲೆ ಮೊದಲಿಂದಲೂ ದುಡ್ಡಿನ ಕುಳವೇ? ಖಂಡಿತ ಅಲ್ಲ. 1884ರಲ್ಲಿ ಜರ್ಮನಿಯಿಂದ ಅಮೆರಿಕಕ್ಕೆ ಬಂದಾಗ ಹದಿನೇಳರ ಹುಡುಗ. ಮುಂದೆ ವಿಸ್ಕಾನ್ಸಿನ್‌ನ ಆಶ್‌ಕಾಶ್‌ನಲ್ಲಿ ಬಟ್ಟೆ ಅಂಗಡಿಯ ಮ್ಯಾನೇಜರ್. 1906ರಲ್ಲಿ ಶಿಕಾಗೋದಲ್ಲಿ ನಿಕಲೋಡಿಯನ್, ಅಂದರೆ ಐದು ಸೆಂಟ್ ಟಿಕೆಟ್ಟಿನ ಪುಟ್ಟ ಚಿತ್ರಮಂದಿರ ತೆರೆದರು, ಬೇಗನೆ ರೀಲು ಹಂಚಿಕೆಗೂ ಇಳಿದರು.

ನಿಜವಾದ ಜಿದ್ದು ಶುರುವಾದದ್ದು 1909ರಲ್ಲಿ. ಸಿನಿಮಾ ಯಂತ್ರಗಳ ಪೇಟೆಂಟ್ ಹಿಡಿದು ಶುಲ್ಕ ವಸೂಲಿ ಮಾಡುತ್ತಿದ್ದ ಎಡಿಸನ್ ಮತ್ತಿತರರ ಕೂಟಕ್ಕೆ ಕಪ್ಪ ಕಟ್ಟೋದಿಲ್ಲ ಅಂತ ಹೊರಬಂದು, ‘ಐಎಂಪಿ’ (ಇಂಡಿಪೆಂಡೆಂಟ್ ಮೂವಿಂಗ್ ಪಿಕ್ಚರ್ಸ್) ಎಂಬ ಕಂಪನಿಯ ಹೆಸರಲ್ಲಿ ತಾವೇ ಚಿತ್ರ ತೆಗೆದರು. ಕೂಟದಿಂದ ಮೊಕದ್ದಮೆಗಳ ಸುರಿಮಳೆ! ಬಯೋಗ್ರಾಫ್ ಎಂಬ ಚಿತ್ರ ಕಂಪನಿಯಲ್ಲಿದ್ದ ನಟಿ ಫ್ಲಾರೆನ್ಸ್ ಲಾರೆನ್ಸ್‌ರನ್ನು ಕರೆತಂದು, 1910ರಲ್ಲಿ ‘ಆಕೆ ಸತ್ತ ಸುದ್ದಿ ಸುಳ್ಳು’ ಎಂದು ಜಾಹೀರಾತು ಕೊಟ್ಟರು. ಸುದ್ದಿ ಹಬ್ಬಿಸಿದ್ದು ಯಾರು? ನನಗಂತೂ ಲೆಮ್ಲೆ ಮೇಲೇ ಗುಮಾನಿ. 1912ರಲ್ಲಿ ಐಎಂಪಿ ಬೇರೆ ಕಂಪನಿಗಳ ಜೊತೆ ಸೇರಿ ಯೂನಿವರ್ಸಲ್ ಆಯಿತು.