ಆ್ಯಪ್ ತೆರೆಯುವ ಮೊದಲೇ ಮಾಹಿತಿ ಹೊಸದಾಗಿರಬೇಕೆಂದರೆ

ಪ್ರಶ್ನೆ: ನಾನು ರೂಪಿಸಿರುವ ವೇಳಾಪಟ್ಟಿಯ ಆ್ಯಪ್ 15 ನಿಮಿಷಕ್ಕೊಮ್ಮೆ ಸರ್ವರ್ ಅನ್ನು ವಿಚಾರಿಸುತ್ತದೆ, ಬ್ಯಾಟರಿ ಬೇಗ ಖಾಲಿಯಾಗುತ್ತಿದೆ ಎಂದು ಬಳಕೆದಾರರು ದೂರುತ್ತಿದ್ದಾರೆ. ಇದರ ಬದಲು ಪುಶ್ ನೋಟಿಫಿಕೇಶನ್ (ಆ್ಯಪ್ ಕೇಳದೆಯೇ ಸರ್ವರ್ ಕಡೆಯಿಂದ ಫೋನ್‌ಗೆ ಬರುವ ಸಂದೇಶ) ಮೂಲಕ ಹೊಸ ಮಾಹಿತಿಯನ್ನು ಕಳುಹಿಸಬಹುದೇ?

ಉತ್ತರ: ಖಂಡಿತ ಬಳಸಬಹುದು, ಆದರೆ ಇಡೀ ವೇಳಾಪಟ್ಟಿಯನ್ನು ಅದರೊಳಗೆ ತುಂಬಲು ಹೋಗಬೇಡಿ. ಆ್ಯಪಲ್ ಮತ್ತು ಗೂಗಲ್‌ನ ಪುಶ್ ಸೇವೆಗಳಲ್ಲಿ ಒಂದು ಸಂದೇಶದ ಗಾತ್ರ ಸಾಮಾನ್ಯವಾಗಿ 4 ಕೆಬಿ ಮೀರುವಂತಿಲ್ಲ. ‘ವೇಳಾಪಟ್ಟಿ, ಆವೃತ್ತಿ 42’ ಎಂಬಷ್ಟು ಸೂಚನೆ ಸಾಕು. ತನ್ನಲ್ಲಿರುವುದು 41 ಎಂದು ಕಂಡುಕೊಂಡ ಆ್ಯಪ್, ಈ ಎರಡರ ನಡುವೆ ಬದಲಾದ ಸಾಲುಗಳನ್ನಷ್ಟೇ ಸರ್ವರ್‌ನಿಂದ ತರಿಸಿಕೊಳ್ಳುತ್ತದೆ.

ಐಫೋನ್‌ನಲ್ಲಿ ಸದ್ದಾಗಲಿ ಬರಹವಾಗಲಿ ಇಲ್ಲದ ಇಂಥ ಮೌನ ಸಂದೇಶಕ್ಕೆ ‘ಕಂಟೆಂಟ್-ಅವೈಲೆಬಲ್’ ಎಂಬ ಗುರುತು ಬೇಕು. ಅದು ತಲುಪಿದಾಗ ವ್ಯವಸ್ಥೆಯು ಆ್ಯಪ್ ಅನ್ನು ಹಿನ್ನೆಲೆಯಲ್ಲಿ ಎಬ್ಬಿಸಿ ಸುಮಾರು 30 ಸೆಕೆಂಡುಗಳ ಅವಕಾಶ ನೀಡುತ್ತದೆ. ಗಂಟೆಗೆ ಎರಡು ಮೂರಕ್ಕಿಂತ ಹೆಚ್ಚು ಕಳುಹಿಸಬಾರದೆಂಬುದು ಆ್ಯಪಲ್‌ನ ಸಲಹೆ. ಬಳಕೆದಾರರೇ ಆ್ಯಪ್ ಅನ್ನು ಒತ್ತಾಯವಾಗಿ ಮುಚ್ಚಿದ್ದರೆ ಅದು ಏಳುವುದೇ ಇಲ್ಲ.

ಆಂಡ್ರಾಯ್ಡ್ 6.0ರಿಂದ ಬಂದ, ಬ್ಯಾಟರಿ ಉಳಿಸುವ ಡೋಜ್ ಸ್ಥಿತಿಯಲ್ಲಿ, ಫೋನ್ ಅಲುಗಾಡದೆ ಬಿದ್ದಿರುವಾಗ, ಸಾಮಾನ್ಯ ಆದ್ಯತೆಯ ಸಂದೇಶಗಳು ಕಾಯುತ್ತವೆ. ಹಾಗೆಂದು ಎಲ್ಲವನ್ನೂ ಹೆಚ್ಚಿನ ಆದ್ಯತೆಯಲ್ಲಿ ಕಳುಹಿಸುವುದು ನನ್ನ ದೃಷ್ಟಿಯಲ್ಲಿ ತಪ್ಪು. ಬಳಕೆದಾರರು ಕೂಡಲೇ ನೋಡಲೇಬೇಕಾದ ವಿಷಯಕ್ಕೆ ಮಾತ್ರ ಅದನ್ನು ಮೀಸಲಿಡಿ.

ಪುಶ್ ಸಂದೇಶ ತಲುಪಿಯೇ ತಲುಪುತ್ತದೆ ಎಂಬ ಖಾತರಿಯಿಲ್ಲದ ಕಾರಣ, ಆ್ಯಪ್ ತೆರೆದಾಗಲೆಲ್ಲ ಆವೃತ್ತಿಯ ಸಂಖ್ಯೆಯನ್ನು ಒಮ್ಮೆ ಸರ್ವರ್‌ನೊಂದಿಗೆ ತಾಳೆ ನೋಡುವ ವ್ಯವಸ್ಥೆಯನ್ನು ಮಾತ್ರ ಕೈಬಿಡಬೇಡಿ.