ಮರಗೆಲಸದ ಹತಾರಗಳು ಯಾರಿಗೆ?

ಮಾನ್ಯರೇ, ಮಕ್ಕಳಿಗೆ ಮರಗೆಲಸದಲ್ಲಿ ಆಸಕ್ತಿಯಿಲ್ಲದ ಕಾರಣ, ನೀವು ಕೂಡಿಸಿದ ಹತಾರಗಳು ನಿಮ್ಮ ಕಾಲಾನಂತರ ಗುಜರಿಗೆ ಹೋಗದಂತೆ ಏನು ಮಾಡಬೇಕೆಂದು ಕೇಳಿದ್ದೀರಿ. ಭಾರತೀಯ ಉತ್ತರಾಧಿಕಾರ ಅಧಿನಿಯಮ, 1925ರ 63ನೇ ಕಲಮಿನಂತೆ ಉಯಿಲಿಗೆ ನಿಮ್ಮ ಸಹಿಯೊಂದಿಗೆ ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ ಬೇಕು. ಛಾಪಾ ಕಾಗದವಾಗಲಿ ನೋಂದಣಿಯಾಗಲಿ ಕಡ್ಡಾಯವಲ್ಲ. ಆದರೆ ‘ನನ್ನ ಹತಾರಗಳೆಲ್ಲ’ ಎಂದಷ್ಟೇ ಬರೆದರೆ, ಮರ ಹೆರೆದು ನಯಗೊಳಿಸುವ ಬೀಟೆ ಮರದ ಹಳೆಯ ಕೀಸುಳಿಗೂ ಮೊನ್ನೆ ಕೊಂಡ ಅಗ್ಗದ ಕೀಸುಳಿಗೂ ಇರುವ ವ್ಯತ್ಯಾಸ ಮನೆಯವರಿಗೆ ತಿಳಿಯುವುದಿಲ್ಲವಾದ್ದರಿಂದ, ಒಂದೊಂದರ ಗುರುತು, ಅಂದಾಜು ಬೆಲೆ ಮತ್ತು ಪಡೆಯುವವರ ಹೆಸರನ್ನು ಉಯಿಲಿನಲ್ಲೇ ಬರೆಯಿರಿ. ನಮ್ಮ ತಂದೆಯವರ ಉಳಿಗಳು ಇಂಥ ಪಟ್ಟಿಯಿಲ್ಲದೆ ಕಬ್ಬಿಣದ ತೂಕಕ್ಕೆ ಹೋದವು. ಹಿಡಿಯಲ್ಲಿ ಅವರ ಹೆಬ್ಬೆರಳಿನ ಗುಳಿ ಬಿದ್ದಿರುವ ಒಂದು ಮಾತ್ರ ನನ್ನಲ್ಲಿದೆ. ನನ್ನನ್ನು ಕೇಳಿದರೆ, ನಿಮಗೆ ಇನ್ನು ಬೇಡವಾದವನ್ನು ಕೆಲಸ ಕಲಿಯುತ್ತಿರುವ ಯಾರಿಗಾದರೂ ಈಗಲೇ ಕೊಡುವುದು ಮೇಲು; ಚರ ಸ್ವತ್ತಾದ್ದರಿಂದ ಕೈಗಿತ್ತರೆ ಸಾಕು, ದಾನಪತ್ರ ಬೇಕಿಲ್ಲ, ಗರಗಸದ ಹಲ್ಲು ಹರಿತ ಮಾಡುವುದನ್ನೂ ಹೇಳಿಕೊಡಬಹುದು.